ದ್ರಾಕ್ಷಿ ಇದ್ದರಷ್ಟೇ ದಾರಿ

2024ರ ಜುಲೈ 7, ಭಾನುವಾರ. ಫ್ರಾನ್ಸ್‌ನ ಟೀವಿಗಳಲ್ಲಿ ಅಂದು ಎರಡೇ ಸುದ್ದಿ. ಒಂದು, ಸಂಸತ್ ಚುನಾವಣೆಯ ಎರಡನೇ ಸುತ್ತಿನ ಮತದಾನ. ಇನ್ನೊಂದು, ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್‌ನ ಒಂಬತ್ತನೇ ಹಂತ. ತ್ರುವಾ ಎಂಬ ಪಟ್ಟಣದಿಂದ ಹೊರಟು ಮತ್ತೆ ಅಲ್ಲಿಗೇ ಬರುವ 199 ಕಿಲೋಮೀಟರ್ ಓಟ ಅದು. ನಡುವೆ 14 ಕಡೆ ಡಾಂಬರು ಬಿಟ್ಟು ದ್ರಾಕ್ಷಿ ತೋಟದ, ಕಾಡಂಚಿನ ಬಿಳಿ ಜಲ್ಲಿ ದಾರಿಗೆ ಇಳಿಯಬೇಕಿತ್ತು. ಅಂಥ ದಾರಿಯೇ ಒಟ್ಟು 32 ಕಿ.ಮೀ. ಜಗತ್ತಿನ ದೊಡ್ಡ ದೊಡ್ಡ ಸವಾರರು ಮೈಯೆಲ್ಲ ಸುಣ್ಣ ಬಳಿದುಕೊಂಡವರಂತೆ ಕಾಣುತ್ತಿದ್ದರು. ಫ್ರಾನ್ಸಿನವರೇ ಆದ ಆಂಟನಿ ತುರ್ಜಿಸ್ ಗೆದ್ದರು. ಹೆಲಿಕಾಪ್ಟರ್‌ನಿಂದ ತೆಗೆದ ಆ ದೃಶ್ಯ ನೋಡಿದವರಿಗೆ, ಒಂದು ಸೈಕಲ್ ಹಿಡಿದು ಆ ಸಾಲುಗಳ ನಡುವೆ ಒಮ್ಮೆ ಹೋಗಿ ಬರಬೇಕು ಅನ್ನಿಸಿಯೇ ಇರುತ್ತದೆ.

ನಾನು ಆಗ ತ್ರುವಾದಲ್ಲೇ ಸ್ನಾತಕೋತ್ತರ ಓದುತ್ತಿದ್ದೆ. ನನ್ನೂರು ಚಿಕ್ಕಬಳ್ಳಾಪುರದ ಕಡೆ, ಮನೆಯಲ್ಲಿ ಒಂದೂವರೆ ಎಕರೆ ದ್ರಾಕ್ಷಿ ಚಪ್ಪರ ಇದೆ. ಎರಡು ವರ್ಷ ರಜೆ ಸಿಕ್ಕಾಗಲೆಲ್ಲ ಒಂದು ಸೆಕೆಂಡ್‌ಹ್ಯಾಂಡ್ ಗ್ರಾವೆಲ್ ಸೈಕಲ್‌ನಲ್ಲಿ ಆ ದಾರಿಗಳನ್ನು ಸುತ್ತಿದ್ದೇನೆ. ಸವಾರಿಯ ಸುಖದ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬರೆಯಬೇಕೆನಿಸಿದ್ದು ದಾರಿಯ ಬಗ್ಗೆಯೇ. ಅದು ಯಾರದು, ಅದನ್ನು ಯಾರು ನೋಡಿಕೊಳ್ಳುತ್ತಾರೆ, ಇನ್ನೆಷ್ಟು ವರ್ಷ ತೆರೆದಿರುತ್ತದೆ ಎಂಬ ಪ್ರಶ್ನೆಗಳು ಈಗ ಫ್ರಾನ್ಸ್‌ನ ಹಳ್ಳಿಗಾಡಿನ ದೊಡ್ಡ ಜಗಳಗಳ ಒಳಗೇ ಇವೆ.

ಗ್ರಾವೆಲ್ ಸೈಕಲ್ ಎಂದರೇನು ಎಂದು ಕೇಳುವವರಿಗೆ ಒಂದೆರಡು ಮಾತು. ನೋಡಲು ರೇಸ್ ಸೈಕಲ್‌ನಂತೆಯೇ, ಬಾಗಿದ ಹ್ಯಾಂಡಲ್. ಆದರೆ ಟೈರ್ ಸುಮಾರು 40 ಮಿಲಿಮೀಟರ್ ಅಗಲ, ಏರು ಹತ್ತಲು ಹಗುರ ಗೇರ್. ಡಾಂಬರಿನಲ್ಲೂ ಓಡುತ್ತದೆ, ಮಣ್ಣಿನಲ್ಲೂ ಓಡುತ್ತದೆ. ಈ ಗೀಳು ಬೆಳೆದದ್ದು ಅಮೆರಿಕದ ಕಾನ್ಸಸ್‌ನಲ್ಲಿ. ಅಲ್ಲಿನ ಜಲ್ಲಿ ರಸ್ತೆಗಳಲ್ಲಿ 2006ರಲ್ಲಿ ಶುರುವಾದ 200 ಮೈಲಿ ಓಟ ಇಂದು ‘ಅನ್‌ಬೌಂಡ್’ ಹೆಸರಿನಲ್ಲಿ ಪ್ರಸಿದ್ಧ. ಅದಕ್ಕೂ ಮೊದಲು, 1997ರಲ್ಲಿ, ಇಟಲಿಯ ಟಸ್ಕನಿಯಲ್ಲಿ ‘ಎರೊಯಿಕಾ’ ಎಂಬ ಹಳೆ ಸೈಕಲ್‌ಗಳ ಸವಾರಿ ಆರಂಭವಾಗಿತ್ತು. ಅಲ್ಲಿನ ಬಿಳಿ ಮಣ್ಣು ರಸ್ತೆಗಳಿಗೆ ಡಾಂಬರು ಬೀಳದಂತೆ ಉಳಿಸಿಕೊಳ್ಳುವುದೇ ಅದರ ಉದ್ದೇಶ. ಗ್ರಾವೆಲ್‌ಗೆ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 2022ರಲ್ಲಿ. ಮಹಿಳೆಯರ ವಿಭಾಗದಲ್ಲಿ ಫ್ರಾನ್ಸ್‌ನ ಪೌಲಿನ್ ಫೆರಾಂ-ಪ್ರೆವೊ ಗೆದ್ದರು. ಇನ್ನೊಂದು ವಿಷಯ ಬಹಳ ಜನರಿಗೆ ನೆನಪಿಲ್ಲ: ತ್ರುವಾ ಸುತ್ತಲಿನ ಈ ಜಲ್ಲಿ ದಾರಿಗಳನ್ನು ಟೂರ್‌ನಲ್ಲಿ ಮೊದಲು ತುಳಿದವರು ಹೆಂಗಸರು. 2022ರ ಮಹಿಳಾ ಟೂರ್‌ನ ನಾಲ್ಕನೇ ಹಂತ ತ್ರುವಾದಿಂದ ಬಾರ್-ಸುರ್-ಓಬ್‌ಗೆ ಇದೇ ತೋಟಗಳ ನಡುವೆ ಹೋಗಿತ್ತು. ಗಂಡಸರು ಬಂದದ್ದು ಎರಡು ವರ್ಷದ ನಂತರ. ‘ಗಂಡಸರಿಗೆ ಇದು ಅಪಾಯ, ಟೂರ್‌ಗೆ ಇಂಥ ರಸ್ತೆ ಯಾಕೆ’ ಎಂಬ ಚರ್ಚೆ ಜೋರಾದದ್ದು ಮಾತ್ರ ಆಗಲೇ.

ಈಗ ದಾರಿಗೆ ಬರೋಣ. ಓಬ್ ಜಿಲ್ಲೆಯ ಈ ಗುಡ್ಡಸಾಲಿಗೆ ಕೋತ್ ದೆ ಬಾರ್ ಎಂದು ಹೆಸರು. ಶಾಂಪೇನ್ ಪ್ರಾಂತ್ಯದ ಸುಮಾರು 34,000 ಹೆಕ್ಟೇರ್ ದ್ರಾಕ್ಷಿಯಲ್ಲಿ ಹತ್ತಿರಹತ್ತಿರ ಕಾಲು ಭಾಗ ಇಲ್ಲಿದೆ. ನೆಲ ಸುಣ್ಣಕಲ್ಲು ಮತ್ತು ಜೇಡಿ, ಅದಕ್ಕೇ ದೂಳು ಬಿಳಿ. ನಮ್ಮಲ್ಲಿ ದ್ರಾಕ್ಷಿ ಎಂದರೆ ಕಲ್ಲುಕಂಬ, ತಂತಿ, ತಲೆಯ ಮೇಲೆ ಚಪ್ಪರ; ಕೆಳಗೆ ನೆರಳಿನಲ್ಲಿ ನಡೆದಾಡಬಹುದು. ಅಲ್ಲಿ ಬಳ್ಳಿ ಸೊಂಟದೆತ್ತರ, ಸಾಲು ಸಾಲಾಗಿ, ಮಧ್ಯೆ ಒಂದು ಮೀಟರ್ ಜಾಗ ಬಿಟ್ಟಿದ್ದರೆ ಹೆಚ್ಚು. ಮಾಮೂಲಿ ಟ್ರ್ಯಾಕ್ಟರ್ ಒಳಗೆ ಹೋಗಲಾರದು. ಅದಕ್ಕಾಗಿ ಉದ್ದ ಕಾಲಿನ ಒಂದು ಟ್ರ್ಯಾಕ್ಟರ್ ಇದೆ, ಸಾಲನ್ನು ಎರಡು ಕಾಲುಗಳ ನಡುವೆ ಹಾಕಿಕೊಂಡು ಮೇಲಿನಿಂದ ಹೋಗುತ್ತದೆ. ಈ ಯಂತ್ರ ಸಾಲಿನ ತುದಿಗೆ ಬಂದು ತಿರುಗಬೇಕು, ಕೊಯ್ಲಿನ ದಿನ ಕ್ರೇಟ್ ತುಂಬಿದ ವಾಹನ ಗುಡ್ಡ ಇಳಿಯಬೇಕು. ಆ ಬಿಳಿ ದಾರಿ ಹುಟ್ಟಿದ್ದು ಅದಕ್ಕೆ. ಮಳೆಗೆ ಕೊಚ್ಚಿಹೋದಾಗ ಅದಕ್ಕೆ ಜಲ್ಲಿ ಹಾಕಿಸುವವರೂ ಬಹುಪಾಲು ತೋಟದವರೇ. ಜಮೀನಿನವರು ಸೇರಿ ಮಾಡಿಕೊಂಡ ‘ಅಸೋಸಿಯೇಷನ್ ಫೊನ್ಸಿಯೇರ್’ ಎಂಬ ಸಂಘಗಳು ಹಲವು ಹಳ್ಳಿಗಳಲ್ಲಿವೆ. ಯಾರಿಗೆ ಎಷ್ಟು ನೆಲವೋ ಅಷ್ಟು ವಂತಿಗೆ. ಆ ಹಣದಲ್ಲಿ ದಾರಿ, ಚರಂಡಿ. ಟೀವಿಯಲ್ಲಿ ಹಳ್ಳಿಗಾಡಿನ ಸಹಜ ಸೌಂದರ್ಯದಂತೆ ಕಂಡದ್ದು ಅಸಲಿಗೆ ಪ್ರತಿವರ್ಷ ಬಿಲ್ ಕಟ್ಟಿ ಉಳಿಸಿಕೊಂಡ ಒಂದು ಕೆಲಸದ ರಸ್ತೆ.

ಈ ತೋಟಗಳಿಗೂ ಸುಲಭದ ಇತಿಹಾಸ ಇಲ್ಲ. 1908ರಲ್ಲಿ ಸರ್ಕಾರ ‘ಶಾಂಪೇನ್’ ಎಂಬ ಹೆಸರಿಗೆ ಗಡಿ ಹಾಕಿದಾಗ ಓಬ್‌ನ ಬೆಳೆಗಾರರನ್ನು ಹೊರಗಿಟ್ಟಿತು. 1911ರಲ್ಲಿ ತ್ರುವಾ, ಬಾರ್-ಸುರ್-ಓಬ್‌ಗಳಲ್ಲಿ ಸಾವಿರಾರು ಜನ ಬೀದಿಗಿಳಿದರು. ಪಕ್ಕದ ಮಾರ್ನ್ ಜಿಲ್ಲೆಯವರು ಇವರನ್ನು ಸೇರಿಸಬಾರದೆಂದು ಗಲಭೆ ಮಾಡಿದರು, ಸೈನ್ಯ ಬಂತು. ಕೊನೆಗೆ ಹಕ್ಕು ಖಾಯಂ ಆದದ್ದು 1927ರ ಕಾನೂನಿನಿಂದ. ಇಂದು ಪ್ರವಾಸಿಗೆ ನೆಮ್ಮದಿಯ ತಾಣವಾಗಿ ಕಾಣುವ ಗುಡ್ಡ ಒಂದು ಕಾಲದ ಹೋರಾಟದ ಮೈದಾನ.

ತೋಟ ಮುಗಿದಲ್ಲಿ ಕಾಡು. ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ, ನೆತ್ತಿಯ ಮೇಲೆ ಓಕ್, ಬೀಚ್ ಮರಗಳು. ದ್ರಾಕ್ಷಿಯ ಬಿಸಿಲಿನಿಂದ ಒಮ್ಮೆಲೇ ಒಳಗೆ ಹೋದರೆ ಕಣ್ಣು ಕತ್ತಲೆಗಟ್ಟುತ್ತದೆ, ತಂಪು ಹವೆ ಕೈಗೆ ಬಡಿಯುತ್ತದೆ. ಇಲ್ಲಿನ ದಾರಿಯೂ ಕೆಲಸದ್ದೇ, ಮರದ ದಿಮ್ಮಿ ಸಾಗಿಸುವ ಲಾರಿಗಳದ್ದು. ಚಳಿಗಾಲದಲ್ಲಿ ಲಾರಿಗಳ ಚಕ್ರ ಹೂತು ಒಂದೊಂದು ಅಡಿ ಆಳದ ಕೊರಕಲು ಮಾಡಿರುತ್ತವೆ. ಸೆಪ್ಟೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗೆ ಮತ್ತೊಂದು ತಾಪತ್ರಯ, ಬೇಟೆ. ದಾರಿ ಬದಿಯಲ್ಲಿ ‘ಬೇಟೆ ನಡೆಯುತ್ತಿದೆ’ ಎಂಬ ಫಲಕ ಕಂಡರೆ ನಾನು ಹಿಂದೆ ತಿರುಗುತ್ತಿದ್ದೆ. 2020ರ ಡಿಸೆಂಬರ್‌ನಲ್ಲಿ ನೈರುತ್ಯ ಫ್ರಾನ್ಸ್‌ನ ಲೋ ಜಿಲ್ಲೆಯಲ್ಲಿ ತನ್ನ ಮನೆ ಹತ್ತಿರ ಸೌದೆ ಕಡಿಯುತ್ತಿದ್ದ 25ರ ಯುವಕನೊಬ್ಬನನ್ನು ಕಾಡುಹಂದಿ ಎಂದುಕೊಂಡು ಬೇಟೆಗಾರ ಗುಂಡು ಹೊಡೆದು ಕೊಂದ. ಆತನ ಗೆಳೆಯರ ಚಳವಳಿ ಸಂಸತ್ತಿನವರೆಗೂ ಹೋಯಿತು. ವಾರದಲ್ಲಿ ಒಂದು ದಿನವಾದರೂ ಬೇಟೆ ನಿಲ್ಲಿಸಿ ಎಂಬ ಬೇಡಿಕೆಯನ್ನು 2023ರಲ್ಲಿ ಸರ್ಕಾರ ಒಪ್ಪಲಿಲ್ಲ. ವಾರಾಂತ್ಯದ ಕಾಡು ಯಾರದು ಎಂಬ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಕಾಗದದ ಮೇಲೆ ಕಾಡು ಯಾರದು ಎಂಬುದಕ್ಕೆ ಮಾತ್ರ ಉತ್ತರ ಇದೆ. ಫ್ರಾನ್ಸ್‌ನ ಕಾಡಿನಲ್ಲಿ ಮುಕ್ಕಾಲು ಪಾಲು ಖಾಸಗಿ ಸ್ವತ್ತು. ಕಾಡೆಂದರೆ ಅರಣ್ಯ ಇಲಾಖೆ ಎಂದೇ ತಿಳಿದು ಬೆಳೆದ ನಮಗೆ ಇದು ವಿಚಿತ್ರವೆನಿಸುತ್ತದೆ. ಇಷ್ಟು ವರ್ಷ ಮಾಲೀಕರು ಬೇಡವೆನ್ನದಿದ್ದರಿಂದ ಜನ ನಡೆದಾಡುತ್ತಿದ್ದರು, ಅಷ್ಟೆ. 2023ರ ಫೆಬ್ರುವರಿ 2ರ ಒಂದು ಕಾನೂನು ಈ ಹೊಂದಾಣಿಕೆಯನ್ನು ಕದಡಿತು. ಅದರ ಮೂಲ ಉದ್ದೇಶ ಒಳ್ಳೆಯದು: ಸೊಲೋನ್ಯ್ ಪ್ರದೇಶದಲ್ಲಿ ಶ್ರೀಮಂತರು ಬೇಟೆಗಾಗಿ ಕಾಡಿಗೆ ಎತ್ತರದ ಬೇಲಿ ಹಾಕಿ ಪ್ರಾಣಿಗಳ ಓಡಾಟ ತಡೆದಿದ್ದರು, ಆ ಬೇಲಿಗಳನ್ನು ತಗ್ಗಿಸಬೇಕಿತ್ತು. ಬೇಲಿ ತಗ್ಗಿಸಿದ್ದಕ್ಕೆ ಪ್ರತಿಯಾಗಿ ಮಾಲೀಕರಿಗೆ ಒಂದು ಉಡುಗೊರೆ ಸಿಕ್ಕಿತು. ಖಾಸಗಿ ಎಂದು ಸ್ಪಷ್ಟವಾಗಿ ಗುರುತು ಹಾಕಿದ ಕಾಡಿಗೋ ಹೊಲಕ್ಕೋ ಕಾಲಿಟ್ಟರೆ ಈಗ 135 ಯೂರೋ ದಂಡ. ಅದೇ ವರ್ಷ ಆಲ್ಪ್ಸ್ ಕಡೆಯ ಶಾರ್ತ್ರೂಸ್ ಬೆಟ್ಟಗಳಲ್ಲಿ, ಅದೂ ಸಂರಕ್ಷಿತ ನಿಸರ್ಗಧಾಮದ ಒಳಗೆ, ಒಬ್ಬ ಭೂಮಾಲೀಕರು ನೂರಾರು ಹೆಕ್ಟೇರ್‌ಗೆ ‘ಪ್ರವೇಶವಿಲ್ಲ’ ಫಲಕ ಹಾಕಿಸಿದರು. ತಲೆಮಾರುಗಳಿಂದ ಅಲ್ಲಿ ಚಾರಣ ಮಾಡುತ್ತಿದ್ದವರು ಪ್ರತಿಭಟನೆಗೆ ಇಳಿದರು.

ಇದಕ್ಕೆ ಹೋಲುವ ಇನ್ನೊಂದು ಕಥೆ ನಮ್ಮೂರ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ‘ನಕಾಶೆ ಕಂಡ ದಾರಿ’ ಎಂದು ಇರುತ್ತದಲ್ಲ, ಗ್ರಾಮ ನಕ್ಷೆಯಲ್ಲಿ ಗೆರೆ ಇರುವ ಬಂಡಿದಾರಿ, ನೆಲದ ಮೇಲೆ ಯಾರೋ ಉತ್ತುಕೊಂಡಿರುವ ದಾರಿ. ತಹಶೀಲ್ದಾರರ ಕಚೇರಿಯಲ್ಲಿ ಇಂಥ ಅರ್ಜಿಗಳಿಗೆ ಬರವಿಲ್ಲ. ಫ್ರಾನ್ಸ್‌ನಲ್ಲಿ ‘ಶೆಮಾಂ ರ‍್ಯುರಾಲ್’ ಎಂಬುದು ಅದರ ಅಣ್ಣ. ದಾರಿ ಗ್ರಾಮ ಪಂಚಾಯಿತಿಯಂಥ ಕಮ್ಯೂನ್‌ಗೆ ಸೇರಿದ್ದು, ಎಲ್ಲರೂ ಓಡಾಡಬಹುದು. ಆದರೆ ಅಲ್ಲಿನ ಕಾನೂನಿನಲ್ಲಿ ಒಂದು ತೂತಿದೆ. ಇದು ಸಾರ್ವಜನಿಕ ರಸ್ತೆಗಳ ಪಟ್ಟಿಯಲ್ಲಿಲ್ಲದೆ ಕಮ್ಯೂನ್‌ನ ಖಾಸಗಿ ಆಸ್ತಿಯ ಲೆಕ್ಕದಲ್ಲಿ ಬರುವುದರಿಂದ, ಪಕ್ಕದ ರೈತ ಅದನ್ನು 30 ವರ್ಷ ಯಾರ ತಕರಾರೂ ಇಲ್ಲದೆ ಉತ್ತುಕೊಂಡರೆ ದಾರಿ ಅವನದೇ ಆಗಬಹುದು. 2022ರಲ್ಲಿ ಒಂದು ತಿದ್ದುಪಡಿ ಬಂದು, ಕಮ್ಯೂನ್ ತನ್ನ ದಾರಿಗಳ ಗಣತಿ ಮಾಡಲು ನಿರ್ಧರಿಸಿದರೆ ಆ ಲೆಕ್ಕ ಎರಡು ವರ್ಷ ನಿಲ್ಲುತ್ತದೆ ಎಂದಾಯಿತು. ಗಣತಿ ಮಾಡಲು ಜನ ಬೇಕಲ್ಲ? ಇನ್ನೂರು ಮುನ್ನೂರು ಜನರಿರುವ ಹಳ್ಳಿಯ ಮೇಯರ್‌ಗೆ ವಾರಕ್ಕೆ ಎರಡು ದಿನ ಬರುವ ಒಬ್ಬ ಗುಮಾಸ್ತೆ ಇದ್ದರೆ ಹೆಚ್ಚು. ಹಾಗಾಗಿ ದಾರಿ ಉಳಿಸುವ ಕೆಲಸದ ದೊಡ್ಡ ಪಾಲು ಸ್ವಯಂಸೇವಕರ ತಲೆ ಮೇಲೆ ಬಿದ್ದಿದೆ. ಚಾರಣ ಒಕ್ಕೂಟದವರು ಬಣ್ಣದ ಗುರುತು ಹಾಕಿ ನೋಡಿಕೊಳ್ಳುವ ಕಾಲುದಾರಿಗಳೇ ದೇಶದಲ್ಲಿ ಸುಮಾರು 1,80,000 ಕಿ.ಮೀ. ಇವೆ. ಜನ ತುಳಿಯುತ್ತಿದ್ದರೆ ದಾರಿ ಜೀವಂತ ಎನ್ನುವುದಕ್ಕೆ ಕಾನೂನಿನಲ್ಲೂ ಅರ್ಥ ಇದೆ. ಈ ಮಟ್ಟಿಗೆ ಗ್ರಾವೆಲ್ ಸವಾರರಿಂದ ಹಳ್ಳಿಗೆ ನಿಜವಾದ ಉಪಕಾರವೇ ಆಗುತ್ತಿದೆ.

ಆದರೆ ತುಳಿಯುವುದಕ್ಕೆ ಮೊದಲು ದಾರಿಗೆ ಒಂದು ಕೆಲಸ ಇರಬೇಕು. ಆ ಕೆಲಸವೇ ಈಗ ಕುಸಿಯುತ್ತಿದೆ. 1960ರ ದಶಕದ ಆರಂಭದಲ್ಲಿ ಫ್ರಾನ್ಸ್‌ನಲ್ಲಿ ತಲಾ ವರ್ಷಕ್ಕೆ ಸುಮಾರು 120 ಲೀಟರ್ ವೈನ್ ಖರ್ಚಾಗುತ್ತಿತ್ತು, ಈಗ 40ರ ಆಸುಪಾಸು. ನನ್ನ ಜೊತೆ ಓದುತ್ತಿದ್ದ ಫ್ರೆಂಚ್ ಹುಡುಗರು ಬಿಯರ್ ಕುಡಿಯುತ್ತಿದ್ದರು, ಕೆಲವರು ಏನೂ ಕುಡಿಯುತ್ತಿರಲಿಲ್ಲ; ವೈನ್ ಎಂದರೆ ಅಜ್ಜನ ಮನೆಯ ಭಾನುವಾರದ ಊಟ ಎನ್ನುತ್ತಿದ್ದರು. 2025ರ ಆಗಸ್ಟ್‌ನಲ್ಲಿ ಅಮೆರಿಕ ಯುರೋಪಿನ ವೈನ್ ಮೇಲೆ ಶೇ 15ರಷ್ಟು ಸುಂಕ ಹಾಕಿತು. ಶಾಂಪೇನ್‌ನಂಥ ದುಬಾರಿ ಮಾಲಿನ ಮಾರಾಟವೇ 2022ರಲ್ಲಿ ಸುಮಾರು 32.6 ಕೋಟಿ ಬಾಟಲಿ ಇದ್ದದ್ದು 2024ರಲ್ಲಿ 27.1 ಕೋಟಿಗೆ ಇಳಿಯಿತು. ಬೋರ್ಡೊ ಮತ್ತು ದಕ್ಷಿಣದ ಲಾಂಗ್‌ಡಾಕ್ ಕಡೆ ಸ್ಥಿತಿ ಇನ್ನೂ ಕೆಟ್ಟದು. ಅಲ್ಲಿ ಸರ್ಕಾರವೇ ಬಳ್ಳಿ ಕಿತ್ತುಹಾಕಲು ಹಣ ಕೊಡುತ್ತಿದೆ. 2024ರ ಯೋಜನೆಯಲ್ಲಿ ಹೆಕ್ಟೇರ್‌ಗೆ 4,000 ಯೂರೋ. ಸುಮಾರು 27,000 ಹೆಕ್ಟೇರ್‌ಗೆ ಅರ್ಜಿ ಬಂತು. 2025ರ ನವೆಂಬರ್‌ನಲ್ಲಿ ಮತ್ತೆ 13 ಕೋಟಿ ಯೂರೋ ಘೋಷಣೆಯಾಯಿತು. ಬೆಳೆ ಬೆಳೆಯಲು ಸಬ್ಸಿಡಿ ಕೇಳಿ ಗೊತ್ತಿದ್ದ ನನ್ನಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಬಳ್ಳಿ ಕಿತ್ತರೆ ಏನಾಗುತ್ತದೆ ಎಂಬುದಕ್ಕೆ ಆ ದಕ್ಷಿಣದ ಕೋರ್ಬಿಯೇರ್ ಪ್ರದೇಶದಿಂದ 2025ರ ಆಗಸ್ಟ್‌ನಲ್ಲಿ ಸುದ್ದಿ ಬಂತು. ಓದ್ ಜಿಲ್ಲೆಯ ಆ ಗುಡ್ಡಗಾಡಿನಲ್ಲಿ ಆಗಸ್ಟ್ 5ರಂದು ಹೊತ್ತಿಕೊಂಡ ಬೆಂಕಿ ಸುಮಾರು 16,000 ಹೆಕ್ಟೇರ್ ಸುಟ್ಟಿತು. ಪ್ಯಾರಿಸ್ ನಗರಕ್ಕಿಂತ ದೊಡ್ಡ ಜಾಗ ಅದು. ಒಬ್ಬ ಮಹಿಳೆ ಸತ್ತರು, ಮನೆಗಳು ಹೋದವು. ಉಸಿರು ಬಿಡುತ್ತಿದ್ದಂತೆಯೇ ಅಲ್ಲಿನ ಮೇಯರ್‌ಗಳು, ಬೆಳೆಗಾರರು ಹೇಳತೊಡಗಿದ್ದು ಒಂದೇ ಮಾತು: ಮೊದಲು ಹಳ್ಳಿಗೂ ಕಾಡಿಗೂ ನಡುವೆ ದ್ರಾಕ್ಷಿ ಇತ್ತು, ಉತ್ತು ಕಳೆ ತೆಗೆದ ಹಸಿರು ತೋಟ ಬೆಂಕಿಯನ್ನು ತಡೆಯುತ್ತಿತ್ತು. ಆ ಜಿಲ್ಲೆಯಲ್ಲಿ ಸಾವಿರಾರು ಹೆಕ್ಟೇರ್ ಬಳ್ಳಿ ಹೋಗಿದೆ, ಪಾಳು ಬಿದ್ದ ನೆಲದಲ್ಲಿ ಒಣ ಪೊದೆ ಬೆಳೆದಿದೆ. ಬರ, ಗಾಳಿ, ಏರುತ್ತಿರುವ ಬಿಸಿಲನ್ನು ಬಿಟ್ಟು ದ್ರಾಕ್ಷಿ ಹೋದದ್ದೊಂದೇ ಕಾರಣ ಎನ್ನುವುದು ಅತಿಯಾದೀತು. ಆದರೂ ತೋಟ, ದಾರಿ, ಕಾಡು ಮೂರೂ ಒಂದಕ್ಕೊಂದು ಹೇಗೆ ಕಟ್ಟಿಕೊಂಡಿವೆ ಎಂಬುದನ್ನು ಯಾವ ಪ್ರವಾಸಿ ಕೈಪಿಡಿಯೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಬೆಂಕಿ ಆರಿಸುವ ವಾಹನ ಕಾಡಿನೊಳಗೆ ಹೋಗುವುದೂ ಇಂಥ ದಾರಿಗಳಲ್ಲೇ.

ಇದಕ್ಕೆ ಪರಿಹಾರವಾಗಿ ಎಲ್ಲರ ಬಾಯಲ್ಲೂ ಬರುವ ಪದ ಪ್ರವಾಸೋದ್ಯಮ. ಸೈಕಲ್ ಪ್ರವಾಸಕ್ಕೆ ಜರ್ಮನಿಯ ನಂತರ ತಮ್ಮದೇ ದೇಶ ಎಂದು ಫ್ರಾನ್ಸ್ ಹೇಳಿಕೊಳ್ಳುತ್ತದೆ. ಲುವಾರ್ ನದಿ ಬದಿಯ 900 ಕಿ.ಮೀ. ಸೈಕಲ್ ಮಾರ್ಗ ನಿಜಕ್ಕೂ ಹಳ್ಳಿ ಹೋಟೆಲ್, ಊಟದ ಮನೆಗಳಿಗೆ ಜೀವ ಕೊಟ್ಟಿದೆ. ಹಾಗಾದರೆ ದ್ರಾಕ್ಷಿ ಹೋದ ಕಡೆ ಗ್ರಾವೆಲ್ ಬರಲಿ ಎನ್ನಬಹುದೇ? ನಾನು ಒಪ್ಪುವುದಿಲ್ಲ. ಸವಾರ ಬರುವುದೇ ದ್ರಾಕ್ಷಿ ಸಾಲು ನೋಡಲು. ಪಾಳು ನೆಲ, ಮುಳ್ಳುಪೊದೆ ನೋಡಲು ಯಾರು ಟಿಕೆಟ್ ತೆಗೆಸುತ್ತಾರೆ? ಲೆ ರಿಸೆ ಎಂಬ ಊರಿನ ಹತ್ತಿರ ಒಬ್ಬ ಹಿರಿಯ ಬೆಳೆಗಾರರು ನನಗೆ ಸಿಕ್ಕಿದ್ದರು. ಕಾರಿನಲ್ಲಿ ಬಂದವರು ಆರು ಬಾಟಲಿಯ ಪೆಟ್ಟಿಗೆ ಒಯ್ಯುತ್ತಾರೆ, ಸೈಕಲ್‌ನವರು ಒಂದು ಲೋಟ ಕುಡಿದು ನೀರಿನ ಬಾಟಲಿ ತುಂಬಿಸಿಕೊಂಡು ಹೋಗುತ್ತಾರೆ ಎಂದು ನಗುತ್ತ ಹೇಳಿದರು. ನಾನೂ ಆಗ ನೀರನ್ನೇ ಕೇಳಿದ್ದೆ. ಜಲ್ಲಿಯ ವಂತಿಗೆ ಕಟ್ಟುವವರು ಅವರು, ಅದರ ಮೇಲೆ ಓಡಾಡಿ ಫೋಟೊ ಹಾಕುವವರು ನಾವು. ಬಳ್ಳಿ ಬಿಟ್ಟು ಹೋದವರ ಪಾಲಿನ ದುರಸ್ತಿ ಖರ್ಚು ಉಳಿದವರ ಮೇಲೆ ಬೀಳುತ್ತದೆ. ಕಮ್ಯೂನ್‌ಗಳು ಸವಾರರು ತಂಗುವ ಮನೆಗಳ ತೆರಿಗೆಯಿಂದ ಒಂದಿಷ್ಟನ್ನು ಈ ದಾರಿಗಳಿಗೆಂದೇ ತೆಗೆದಿಟ್ಟರೆ ಲೆಕ್ಕ ಸ್ವಲ್ಪ ನೇರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಟೀವಿ ತೋರಿಸದ ಇನ್ನೊಂದು ಸಂಗತಿ ದುಡಿಮೆ. ಶಾಂಪೇನ್ ದ್ರಾಕ್ಷಿಯನ್ನು ಯಂತ್ರದಿಂದ ಕೊಯ್ಯುವಂತಿಲ್ಲ, ಗೊಂಚಲು ಒಡೆಯದಂತೆ ಕೈಯಲ್ಲೇ ಕತ್ತರಿಸಬೇಕೆಂದು ನಿಯಮ. ಹಾಗಾಗಿ ಪ್ರತಿ ಸೆಪ್ಟೆಂಬರ್‌ಗೆ ಸುಮಾರು ಒಂದು ಲಕ್ಷ ಜನ ಕೂಲಿಗೆ ಬರುತ್ತಾರೆ. 2024ರ ಕೊಯ್ಲಿನಲ್ಲಿ ನಾನೂ ಎಂಟು ದಿನ ಹೋಗಿದ್ದೆ. ಆ ವರ್ಷ ಏಪ್ರಿಲ್‌ನ ಹೆಪ್ಪುಗಟ್ಟುವ ಚಳಿಗೆ ಕೋತ್ ದೆ ಬಾರ್‌ನಲ್ಲಿ ಚಿಗುರು ಸುಟ್ಟು ಬೆಳೆ ಕಡಿಮೆ ಇತ್ತು. ಚಪ್ಪರದ ಕೆಳಗೆ ಕೈ ಎತ್ತಿ ಕೊಯ್ದು ಅಭ್ಯಾಸವಿದ್ದ ನನಗೆ ಸೊಂಟ ಬಗ್ಗಿಸಿ ಕೊಯ್ಯುವುದು ಮೂರನೇ ದಿನಕ್ಕೇ ಸಾಕೆನಿಸಿತ್ತು. ನನ್ನ ಮಾಲೀಕರು ಕಾಗದಪತ್ರ ಸರಿಯಾಗಿ ಮಾಡಿ, ಮಧ್ಯಾಹ್ನದ ಊಟ ಕೊಟ್ಟು, ಸಂಬಳ ಬ್ಯಾಂಕಿಗೆ ಹಾಕಿದರು. ಎಲ್ಲರ ಅದೃಷ್ಟ ಹಾಗಿಲ್ಲ. ಹಿಂದಿನ ವರ್ಷ, 2023ರ ಸೆಪ್ಟೆಂಬರ್‌ನ ಬಿಸಿಲಲ್ಲಿ, ಶಾಂಪೇನ್ ತೋಟಗಳಲ್ಲಿ ಕನಿಷ್ಠ ನಾಲ್ವರು ಕೊಯ್ಲಿನವರು ಸತ್ತಿದ್ದರು. ಅದೇ ಕೊಯ್ಲಿನಲ್ಲಿ ಮಾರ್ನ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪಶ್ಚಿಮ ಆಫ್ರಿಕಾದ ಐವತ್ತಕ್ಕೂ ಹೆಚ್ಚು ವಲಸೆ ಕೂಲಿಗಳನ್ನು ಹೊಲಸು ಕಟ್ಟಡದಲ್ಲಿ ತುಂಬಿ ದುಡಿಸಿದ್ದು ಬೆಳಕಿಗೆ ಬಂತು. 2025ರ ಜುಲೈ 21ರಂದು ಶಾಲೋಂ ನಗರದ ನ್ಯಾಯಾಲಯ ಮೂವರಿಗೆ ಮಾನವ ಕಳ್ಳಸಾಗಣೆಯ ಅಪರಾಧಕ್ಕೆ ಶಿಕ್ಷೆ ಕೊಟ್ಟಿತು. ಹೀಗೆ ಕೊಯ್ದ ದ್ರಾಕ್ಷಿಗೆ ಶಾಂಪೇನ್ ಎಂಬ ಹೆಸರೇ ಸಿಗಬಾರದು ಎಂಬುದು ಸಿಜಿಟಿ ಕಾರ್ಮಿಕ ಸಂಘದ ವಾದ. ಒಂದು ಹೆಸರಿಗಾಗಿ 1911ರಲ್ಲಿ ಬೀದಿಗಿಳಿದ ನಾಡಿನಲ್ಲಿ ಈ ವಾದಕ್ಕೆ ತೂಕ ಇದೆ.

ಜುಲೈ 7ರ ರಾತ್ರಿ ಫಲಿತಾಂಶ ಬಂದಾಗ ದೇಶದಲ್ಲಿ ಎಡಪಕ್ಷಗಳ ಕೂಟ ಮುಂದಿತ್ತು, ವಲಸೆ ತಡೆಯಬೇಕೆನ್ನುವ ನ್ಯಾಷನಲ್ ರ‍್ಯಾಲಿ ಮೂರನೇ ಸ್ಥಾನಕ್ಕೆ ಇಳಿದಿತ್ತು. ರೇಸ್ ಹಾದುಹೋದ ಬಾರ್-ಸುರ್-ಓಬ್ ಕ್ಷೇತ್ರದಲ್ಲಿ ಮಾತ್ರ ಆ ಚುನಾವಣೆಯಲ್ಲಿ ಗೆದ್ದದ್ದು ಆ ಪಕ್ಷದವರೇ. ಶಾಲೆ, ಡಾಕ್ಟರು, ಅಂಗಡಿ ಒಂದೊಂದಾಗಿ ಮುಚ್ಚುತ್ತಿರುವ ಹಳ್ಳಿಗಳ ಸಿಟ್ಟು ಅದರಲ್ಲಿದೆ ಎಂಬುದು ಅಲ್ಲಿ ಓಡಾಡಿದ ಯಾರಿಗೂ ಗೊತ್ತಾಗುತ್ತದೆ. ಅದೇ ಹಳ್ಳಿಗಳ ಸಾಲುಗಳಲ್ಲಿ ನನ್ನ ಪಕ್ಕ ಬಗ್ಗಿ ಕೊಯ್ಯುತ್ತಿದ್ದವರು ಪೋಲೆಂಡ್, ಬಲ್ಗೇರಿಯಾ, ಸೆನೆಗಲ್‌ನವರು ಎಂಬುದೂ ಅಷ್ಟೇ ನಿಜ.

ನಮ್ಮ ಓದುಗರಲ್ಲಿ ಫ್ರಾನ್ಸ್‌ಗೆ ಹೋಗಲು ಯೋಚಿಸುತ್ತಿರುವವರು ಇರಬಹುದು. 2030ರೊಳಗೆ 30,000 ಭಾರತೀಯ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುವುದು ಆ ದೇಶದ ಗುರಿ. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 964 ಗಂಟೆ ಕೆಲಸ ಮಾಡಬಹುದು, ದ್ರಾಕ್ಷಿ ಕೊಯ್ಲಿಗೆಂದೇ ಒಂದು ತಿಂಗಳ ಮಿತಿಯ ವಿಶೇಷ ಒಪ್ಪಂದವೂ ಇದೆ. 2025ರಲ್ಲಿ ಕನಿಷ್ಠ ಕೂಲಿ ಕಡಿತಕ್ಕೆ ಮೊದಲು ಗಂಟೆಗೆ 11.88 ಯೂರೋ ಇತ್ತು. ಶಾಂಪೇನ್‌ನಲ್ಲಿ ಅನೇಕ ಕಡೆ ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಬೆಳೆ ಕಡಿಮೆ ಇದ್ದ ವರ್ಷ, ಕೈ ಪಳಗದವರಿಗೆ ಆ ಲೆಕ್ಕ ಗಿಟ್ಟುವುದಿಲ್ಲ. ಆದ್ದರಿಂದ ಗಂಟೆ ಲೆಕ್ಕವೋ ಕಿಲೋ ಲೆಕ್ಕವೋ, ಮಲಗಲು ಜಾಗ ಎಲ್ಲಿ, ಒಪ್ಪಂದ ಬರೆದು ಕೊಡುವವರು ಬೆಳೆಗಾರರೋ ಮಧ್ಯವರ್ತಿಯೋ ಎಂಬ ಮೂರನ್ನು ಹೊರಡುವ ಮುಂಚೆಯೇ ಕೇಳಿಕೊಳ್ಳಿ. ಶಾಲೋಂ ಪ್ರಕರಣದ ಕೂಲಿಗಳನ್ನು ತಂದದ್ದು ಕೂಲಿ ಪೂರೈಸುವ ಒಂದು ಕಂಪನಿ. ಮತ್ತೆ, ಸೈಕಲ್ ಒಯ್ಯುವವರಿಗೆ: ತ್ರುವಾದಿಂದ ಬಾರ್-ಸುರ್-ಓಬ್‌ಗೆ ಹೋಗುವ ಪ್ರಾದೇಶಿಕ ರೈಲಿನಲ್ಲಿ ಸೈಕಲ್‌ಗೂ ಜಾಗ ಇದೆ. ಕೊಯ್ಲಿನ ವಾರಗಳಲ್ಲಿ ತೋಟದ ದಾರಿಗೆ ಇಳಿಯಬೇಡಿ. ಕ್ರೇಟ್ ಹೊತ್ತ ಟ್ರ್ಯಾಕ್ಟರ್‌ಗಳಿಗೆ ಪಕ್ಕಕ್ಕೆ ಸರಿಯಲು ಅಲ್ಲಿ ಜಾಗ ಇರುವುದಿಲ್ಲ.